ಪಟ್ಟಿ ಸೊನ್ನೆ ತೋರಿಸಿತು, ಬಿಯರ್ ಡೆಟಾಲ್ ಆಯಿತು

ಈ ಬೇಸಿಗೆಯಲ್ಲಿ ಮನೆಯಲ್ಲೇ ಮಾಡಿದ ಎರಡು ಡಬ್ಬ ಬಿಯರನ್ನು, ಒಟ್ಟು 38 ಲೀಟರ್, ಬಚ್ಚಲಿಗೆ ಸುರಿದೆ. ನಲ್ಲಿ ನೀರನ್ನು ಪರೀಕ್ಷಿಸಿಯೇ ಬಳಸಿದ್ದೆ ಎಂಬುದೇ ಹೊಟ್ಟೆ ಉರಿಸುವ ಸಂಗತಿ.

ನಾನಿರುವುದು ಟೆಕ್ಸಸ್‌ನ ಡಲ್ಲಾಸ್ ಹೊರವಲಯದಲ್ಲಿ. ಇಲ್ಲಿ ಒಬ್ಬರೇ ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 100 ಗ್ಯಾಲನ್‌ವರೆಗೆ ಬಿಯರ್ ಮಾಡಿಕೊಳ್ಳಬಹುದು, ಮಾರುವಂತಿಲ್ಲ. (ಕರ್ನಾಟಕದಲ್ಲಿ ಪರವಾನಗಿಯಿಲ್ಲದೆ ಮಾಡಿದರೆ ಅದು ಅಬಕಾರಿ ಅಪರಾಧ. ಊರಿನ ಗೆಳೆಯರು ಓದಿ ಸುಮ್ಮನಿರಿ.)

ಮೊದಲ ಸಲ ಮಾಡಿದ್ದು ಮಾರ್ಚ್‌ನಲ್ಲಿ. ಈಜುಕೊಳದ ನೀರಿನಲ್ಲಿ ಕ್ಲೋರಿನ್ ಎಷ್ಟಿದೆ ಎಂದು ಬಣ್ಣದಿಂದ ತೋರಿಸುವ ಅಗ್ಗದ ಪಟ್ಟಿಯನ್ನು ನಲ್ಲಿ ನೀರಿಗೆ ಅದ್ದಿದೆ, ಬಣ್ಣ ಗಾಢವಾಯಿತು. ರಾತ್ರಿಯಿಡೀ ನೀರನ್ನು ತೆರೆದಿಟ್ಟು, ಬೆಳಿಗ್ಗೆ ಕುದಿಸಿ ಆರಿಸಿದೆ, ಬಣ್ಣ ಮಾಯ. ಬಿಯರ್ ಚೆನ್ನಾಗಿಯೇ ಬಂತು. ಕುದಿಸಿದರೆ ನೀರಿನ ದೋಷವೆಲ್ಲ ಹೋಗುತ್ತದೆ ಎಂಬ ನಮ್ಮ ಮನೆಯ ಹಳೆಯ ನಂಬಿಕೆಗೆ ಇನ್ನೇನು ಬೇಕು?

ಜೂನ್‌ನಲ್ಲಿ ಪಟ್ಟಿ ನಲ್ಲಿ ನೀರಿನಲ್ಲೇ ಸೊನ್ನೆ ತೋರಿಸಿತು. ನೀರು ಸುಧಾರಿಸಿದೆ ಎಂದು ಹಿಗ್ಗಿದೆ. ಮೂರು ವಾರ ಕಳೆದು ಬಾಟಲಿ ತೆರೆದರೆ ಸೀದಾ ಡೆಟಾಲ್ ವಾಸನೆ, ನಾಲಿಗೆಗೆ ಗಾಯದ ಪಟ್ಟಿ ಅಂಟಿಸಿದ ಹಾಗೆ. ಪಾತ್ರೆ ಸರಿಯಾಗಿ ತೊಳೆದಿಲ್ಲವೆಂದು ನನ್ನನ್ನೇ ಬೈದುಕೊಂಡು, ಹೊಸ ಡಬ್ಬ, ಹೊಸ ಯೀಸ್ಟ್ ತಂದು ಮತ್ತೆ ಮಾಡಿದೆ. ಮತ್ತೆ ಡೆಟಾಲ್.

ನೀರು ಪೂರೈಸುವವರ ವಾರ್ಷಿಕ ವರದಿಯನ್ನು ಆಗ ಓದಿದೆ. ಅದು ಪ್ರತಿ ವರ್ಷ ಉಚಿತವಾಗಿ ಸಿಗುತ್ತದೆ, ನಾನು ಒಮ್ಮೆಯೂ ತೆರೆದು ನೋಡಿರಲಿಲ್ಲ. ಇಲ್ಲಿ ವರ್ಷದ ಹೆಚ್ಚಿನ ಕಾಲ ನೀರಿಗೆ ಬೆರೆಸುವುದು ಕ್ಲೋರಮೈನ್, ಅಂದರೆ ಅಮೋನಿಯಾದೊಂದಿಗೆ ಕೂಡಿದ ಕ್ಲೋರಿನ್. ಕೊಳವೆಗಳನ್ನು ಶುದ್ಧಗೊಳಿಸಲು ವಸಂತದಲ್ಲಿ ಸುಮಾರು ಒಂದು ತಿಂಗಳು ಮಾತ್ರ ಬರಿಯ ಕ್ಲೋರಿನ್‌ಗೆ ಬದಲಾಯಿಸುತ್ತಾರೆ. ನನ್ನ ಮಾರ್ಚ್ ಬಿಯರ್ ಬಚಾವಾದದ್ದು ಆ ಪುಣ್ಯದಿಂದ. ಬರಿಯ ಕ್ಲೋರಿನ್ ಗಾಳಿಗೆ, ಕುದಿಗೆ ಹಾರಿಹೋಗುತ್ತದೆ. ಕ್ಲೋರಮೈನ್ ಅಷ್ಟು ಸುಲಭವಾಗಿ ಜಾಗ ಬಿಡುವುದಿಲ್ಲ. ಉಳಿದದ್ದು ಮಾಲ್ಟ್‌ನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ), ಯೀಸ್ಟ್‌ನ ಫೀನಾಲ್ ಎಂಬ ರಾಸಾಯನಿಕಗಳೊಡನೆ ಸೇರಿ ಕ್ಲೋರೋಫೀನಾಲ್ ಆಗುತ್ತದೆ. ಶತಕೋಟಿಯಲ್ಲಿ ಕೆಲವೇ ಭಾಗ ಇದ್ದರೂ ಮೂಗಿಗೆ ಹೊಡೆಯುತ್ತದೆ. ಡೆಟಾಲ್‌ನಲ್ಲಿರುವ ಕ್ಲೋರೋಕ್ಸೈಲೆನಾಲ್ ಕೂಡ ಇದೇ ಕುಟುಂಬದ್ದು, ಮೂಗು ಸುಳ್ಳು ಹೇಳಿರಲಿಲ್ಲ.

ನನ್ನ ಪಟ್ಟಿ ಅಳೆಯುತ್ತಿದ್ದುದು ಮುಕ್ತ ಕ್ಲೋರಿನನ್ನು, ಅಂದರೆ ಅಮೋನಿಯಾದೊಂದಿಗೆ ಕೂಡದ ಬರಿಯ ಕ್ಲೋರಿನನ್ನು, ಮಾತ್ರ. ಕ್ಲೋರಮೈನ್ ಅದರ ಲೆಕ್ಕಕ್ಕೇ ಬರುವುದಿಲ್ಲ. ಪಟ್ಟಿ ಕೊಳ್ಳುವಾಗ ‘ಒಟ್ಟು ಕ್ಲೋರಿನ್’ ಎಂಬ ಚೌಕವೂ ಇದೆಯೇ ನೋಡಿ. ಒಟ್ಟು ಹೆಚ್ಚಿದ್ದು ಮುಕ್ತ ಸೊನ್ನೆಯಾಗಿದ್ದರೆ ಆ ವ್ಯತ್ಯಾಸವೇ ನಿಮ್ಮ ಶತ್ರು. ಗೆಳೆಯನೊಬ್ಬ ಕೊಡಿಸಿದ ಟಿಡಿಎಸ್ ಮಾಪಕವೂ ಇಲ್ಲಿ ದಂಡ: ಕರಗಿದ ಲವಣ ಎಷ್ಟು ಎಂದಷ್ಟೇ ಅದು ಅಂದಾಜು ಹೇಳುತ್ತದೆ.

ಪರಿಹಾರ ನಗು ಬರುವಷ್ಟು ಅಗ್ಗ. ಕ್ಯಾಮ್ಡೆನ್ ಮಾತ್ರೆ, ಅಂದರೆ ಮೆಟಾಬೈಸಲ್ಫೈಟ್, ಒಂದು ಸುಮಾರು 75 ಲೀಟರ್ ನೀರಿಗೆ ಸಾಕು. ನನ್ನ 30 ಲೀಟರ್‌ಗೆ ಅರ್ಧ ಮಾತ್ರೆಯನ್ನು ಪುಡಿಮಾಡಿ, ಮಾಲ್ಟ್ ಹಾಕುವ ಮೊದಲೇ ಕಲಕುತ್ತೇನೆ. ಕೆಲವು ನಿಮಿಷಗಳಲ್ಲಿ ಕ್ಲೋರಮೈನ್‌ನ ಕತೆ ಮುಗಿಯುತ್ತದೆ. ಸಲ್ಫೈಟ್ ಆಗದವರು, ಅಸ್ತಮಾ ಇರುವವರು ಆ ಪುಡಿಯಿಂದ ಮೂಗು ದೂರವಿಡಿ. ಇದ್ದಿಲಿನ ಫಿಲ್ಟರ್ ಬಳಸುವುದಾದರೆ ನೀರನ್ನು ತೀರ ನಿಧಾನವಾಗಿ ಹರಿಸಬೇಕು. ಸಾಧಾರಣ ಫಿಲ್ಟರ್‌ನಲ್ಲಿ ನಲ್ಲಿ ಪೂರ್ತಿ ತಿರುಗಿಸಿದರೆ ಕ್ಲೋರಮೈನ್ ನುಸುಳಿಬಿಡುತ್ತದೆ.

ಹೊಸ ಡಬ್ಬವನ್ನೂ ಎಸೆಯಬೇಕಾಯಿತು. ಎಷ್ಟು ಉಜ್ಜಿದರೂ ಮುಚ್ಚಳದ ರಬ್ಬರ್‌ನಲ್ಲಿ ಡೆಟಾಲ್ ಉಳಿದೇ ಇತ್ತು.