ಹಳ್ಳದ ದಡಕ್ಕೆ ಯಾವುದು ಹಿತ: ಕಲ್ಲುಕಟ್ಟಡವೋ, ಲಾವಂಚವೋ, ಲಕ್ಕಿಯೋ?

ಗಂಗಾವತಿಯ ನಮ್ಮ ಬಡಾವಣೆಯ ಉದ್ಯಾನದ ಅಂಚಿನಲ್ಲಿ ಹರಿಯುವ ಹಳ್ಳದ ದಡ ಎರೆಮಣ್ಣಿನದು. ಅದು ಬೇಸಿಗೆಯಲ್ಲಿ ಬಿರುಕು ಬಿಟ್ಟು, ಮಳೆಗಾಲದಲ್ಲಿ ಆ ಬಿರುಕುಗಳಿಗೆ ನೀರಿಳಿದು ಹೆಂಟೆಹೆಂಟೆಯಾಗಿ ಕುಸಿಯುತ್ತದೆ. ಇದನ್ನು ತಡೆಯಲು ಬಡಾವಣೆಯವರೆಲ್ಲ ಸೇರಿ ಒಂದೇ ದಡದ ಮೂರು ತುಂಡುಗಳಲ್ಲಿ ಮೂರು ಬಗೆಯ ಕೆಲಸ ಮಾಡಿ ನೋಡಿದೆವು.

ಮೂರಕ್ಕೂ ಮೊದಲು ಬಳ್ಳಾರಿ ಜಾಲಿಯನ್ನು ತೆಗೆಯಬೇಕಿತ್ತು. ನೆಲಮಟ್ಟಕ್ಕೆ ಕಡಿದರೆ ಅದು ಬೊಡ್ಡೆಯಿಂದ ಹಲವು ಕವಲಾಗಿ ಮತ್ತೆ ಚಿಗುರುವುದರಿಂದ ಬೊಡ್ಡೆಯನ್ನೇ ಅಗೆದು ತೆಗೆದೆವು. ಹೀಗೆ ಅಗೆದ ದಡ ಸಡಿಲವಾಗುತ್ತದೆ. ಅಲ್ಲಿ ನೆಡುವುದಕ್ಕೆ ತಡಮಾಡಬಾರದು.

ಕಲ್ಲುಕಟ್ಟಡ ಮುಗಿದ ದಿನದಿಂದಲೇ ಮಣ್ಣನ್ನು ಹಿಡಿಯುತ್ತದೆ, ಚರಂಡಿ ಬಂದು ಬೀಳುವ ಬಾಯಿಯಲ್ಲಿ ಅದು ಬೇಕೇ ಬೇಕು. ಆದರೆ ಮಿಂಚುಳ್ಳಿ ಗೂಡು ಕೊರೆಯುವುದು ನೆಟ್ಟಗೆ ನಿಂತ ಮಣ್ಣಿನ ದಡದಲ್ಲಿ. ಕಲ್ಲಿನ ಸಂದುಗಳಿಗೆ ಸಿಮೆಂಟು ತುಂಬಿದ ಮೇಲೆ ಅಲ್ಲಿ ಹಕ್ಕಿಗೂ ಕಪ್ಪೆಗೂ ನೆಲೆಯಿಲ್ಲ.

ಲಾವಂಚದ ಬೇರು ಅಡ್ಡ ಹರಡದೆ ನೇರವಾಗಿ ಕೆಳಗಿಳಿಯುತ್ತದೆ, ಒಳ್ಳೆಯ ನೆಲದಲ್ಲಿ 3 ಮೀಟರಿನವರೆಗೂ ಹೋಗುತ್ತದೆ. ದಡದ ಇಳಿಜಾರಿಗೆ ಅಡ್ಡಲಾಗಿ ಒತ್ತೊತ್ತಾಗಿ ನೆಟ್ಟ ಸಾಲಿನ ಹಿಂದೆ ಮಳೆಗಾಲ ಮುಗಿಯುವ ಹೊತ್ತಿಗೆ ಹೂಳು ನಿಂತು ಅಂಗೈ ಎತ್ತರದ ಮೆಟ್ಟಿಲಾಗಿತ್ತು, ಬುಡವನ್ನು ಎರಡೂ ಕೈಯಿಂದ ಹಿಡಿದು ಜಗ್ಗಿದರೂ ಅದು ಅಲುಗಲಿಲ್ಲ. ಇಷ್ಟು ಗಟ್ಟಿಯಾದ ಗಿಡಕ್ಕೂ ನೆರಳು ಆಗದು. ಹೊಂಗೆಯ ಕೆಳಗೆ ನೆಟ್ಟದ್ದು ಸೊರಗಿತು. ಎಳೆಯ ಗರಿಯನ್ನು ದನಕರುಗಳು ಬಿಡುವುದಿಲ್ಲವಾದ್ದರಿಂದ ಮೊದಲ ವರ್ಷ ಬೇಲಿ ಬೇಕು.

ಲಕ್ಕಿಯ ಗುಣ ಇದಕ್ಕೆ ತದ್ವಿರುದ್ಧ. ಹೊಲದ ಬೇಲಿಯಿಂದ ಕಡಿದು ತಂದ ಕಡ್ಡಿಯೇ ಸಸಿಯಾಗುತ್ತದೆ, ಅದರ ಘಾಟಿಗೆ ಆಡುಗಳು ಬಾಯಿ ಹಾಕುವುದಿಲ್ಲ, ನೀಲಿ ಹೂಗೊಂಚಲಿಗೆ ಜೇನು ಬರುತ್ತದೆ. ಆದರೆ ನೀರಿನಂಚಿನಲ್ಲಿ ನೆಟ್ಟ ಕಡ್ಡಿಗಳನ್ನು ಮೊದಲ ಪ್ರವಾಹವೇ ಕಿತ್ತುಕೊಂಡು ಹೋಯಿತು.

ಒಂದನ್ನೇ ಆರಿಸಬೇಕೆಂದರೆ ನನ್ನ ಮತ ಲಾವಂಚಕ್ಕೆ. ಆದರೆ ದಡ ನಿಲ್ಲುವುದಷ್ಟೇ ಅಲ್ಲ, ಅಲ್ಲಿ ಜೀವಿಗಳೂ ನೆಲೆಸಬೇಕೆಂಬುದು ನಮ್ಮ ಉದ್ದೇಶ. ಈ ನೀರು ಕೊನೆಗೆ ಸೇರುವ ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ. ನೀರುನಾಯಿಗೆ ಮರೆಯಾಗಿ ಒದಗುವುದು ಜೊಂಡು ಮತ್ತು ದಡದ ಪೊದೆಯೇ ಹೊರತು ಕಲ್ಲಿನ ಗೋಡೆಯಲ್ಲ. ಆದ್ದರಿಂದ ನೀರೊಳಗಿನ ಜೊಂಡನ್ನು ಕೀಳದೆ, ಅಂಚಿಗೆ ಲಾವಂಚ, ಅದರ ಮೇಲೆ ಲಕ್ಕಿ, ಎಲ್ಲಕ್ಕೂ ಮೇಲೆ ಹೊಳೆಮತ್ತಿ ಎಂಬ ಕ್ರಮದಲ್ಲಿ ಉಳಿದ ದಡಕ್ಕೆ ಮುಂದಿನ ಜೂನ್ ಮಳೆಗೆ ಕೈಹಾಕಲಿದ್ದೇವೆ.