ಬಟ್ಟೆ ಅಂಗಡಿ: ಹುಬ್ಬಳ್ಳಿಯೋ, ಧಾರವಾಡವೋ?

ಎರಡೂ ಅವಳಿ ನಗರಗಳು, ನಡುವೆ ಸುಮಾರು 20 ಕಿಲೋಮೀಟರ್. ಆದರೆ ಗಿರಾಕಿಯ ಕೈಗೆ ದುಡ್ಡು ಬರುವ ದಾರಿ ಬೇರೆ ಬೇರೆ. ಬಾಡಿಗೆ ಕೇಳುವ ಮೊದಲು ಅದನ್ನು ನೋಡಿ.

ಹುಬ್ಬಳ್ಳಿಯ ದುರ್ಗದಬೈಲ್, ಕೊಪ್ಪಿಕರ್ ರಸ್ತೆಗೆ ಗದಗ, ಹಾವೇರಿ ಕಡೆಯ ಹಳ್ಳಿಗಳಿಂದಲೂ ಜನ ಬರುತ್ತಾರೆ. ಹತ್ತಿ, ಬ್ಯಾಡಗಿ ಮೆಣಸಿನಕಾಯಿ ಮಾರಿದ ಮೇಲೆ ಮದುವೆ ಜವಳಿ. ಒಂದೇ ಮನೆಯವರು ಕೂತು ಇಡೀ ಬಳಗಕ್ಕೆ ಆರಿಸುತ್ತಾರೆ! ಆದರೆ ಮಳೆ ಕೈಕೊಟ್ಟರೆ ಅಂಗಡಿಯೂ ಒಣಗುತ್ತದೆ. ಹಳೇ ಗಿರಾಕಿಗೆ ಉದ್ರಿ ಕೊಡಬೇಕಾಗುತ್ತದೆ, ಮಾಲೂ ಜಾಸ್ತಿ ಇಡಬೇಕು. ಪೈಪೋಟಿಯಂತೂ ಹೇಳೋದೇ ಬೇಡ.

ಧಾರವಾಡದಲ್ಲಿ ವಿಶ್ವವಿದ್ಯಾಲಯಗಳು, ಹೈಕೋರ್ಟ್ ಪೀಠ, ಐಐಟಿ ಇವೆ. ಸಂಬಳದವರು, ಓದುವ ಹುಡುಗರು ಜಾಸ್ತಿ. ವ್ಯಾಪಾರ ಸಣ್ಣದು, ಆದರೆ ತಿಂಗಳು ತಿಂಗಳು ನಡೆಯುತ್ತದೆ. ರಜೆಯಲ್ಲಿ ಮಾತ್ರ ಸ್ವಲ್ಪ ಮಂಕು. ಹುಡುಗರು ಮೊಬೈಲಿನಲ್ಲಿ ಬೆಲೆ ನೋಡಿಕೊಂಡೇ ಬರುತ್ತಾರೆ, ಹಾಗಾಗಿ ದರ ಏರಿಸಿ ಚೌಕಾಸಿ ಮಾಡುವ ಆಟ ನಡೆಯೋದಿಲ್ಲ.

ತೆರಿಗೆ ಎರಡೂ ಕಡೆ ಒಂದೇ. 2025ರ ಸೆಪ್ಟೆಂಬರ್ 22ರಿಂದ ₹2,500ವರೆಗಿನ ಸಿದ್ಧ ಉಡುಪಿಗೆ ಜಿಎಸ್‌ಟಿ 5%, ಅದಕ್ಕಿಂತ ಮೇಲೆ 18%. ಧಾರವಾಡದ ದಿನಬಳಕೆಯ ಅಂಗಿ, ಕುರ್ತಾಗಳು ಬಹುತೇಕ ಕೆಳಗಿನ ದರಕ್ಕೇ ಬರುತ್ತವೆ.

ಒಂದು ಕೆಟ್ಟ ವರ್ಷ ತಡೆಯುವ ಬಂಡವಾಳ ಇದ್ದರೆ ಹುಬ್ಬಳ್ಳಿಯೇ ಸರಿ, ಬೆಳೆಯಲು ಜಾಗ ಅಲ್ಲಿದೆ. ಸಾಲ ಮಾಡಿ ಶುರು ಮಾಡುವವರಿಗೆ ನಾನು ಧಾರವಾಡವನ್ನೇ ಹೇಳುತ್ತೇನೆ. ಕಂತು ಪ್ರತಿ ತಿಂಗಳೂ ಕಟ್ಟಬೇಕು, ಅಲ್ವಾ?