ಕಂಪನಿ ನಾಟಕದ ಕ್ಯಾಸೆಟ್ಟುಗಳಿಗೆ ಆಡಾಸಿಟಿ: ದೀರ್ಘಕಾಲದ ಬಳಕೆಯ ಬಳಿಕ

ಆಡಾಸಿಟಿ ಎನ್ನುವುದು ಧ್ವನಿಯನ್ನು ಮುದ್ರಿಸಿಕೊಳ್ಳಲು, ಕತ್ತರಿಸಿ ಜೋಡಿಸಲು ಮತ್ತು ಸರಿಪಡಿಸಲು ಬಳಸುವ ಉಚಿತ ತಂತ್ರಾಂಶ. ಅದರ ಎರಡನೆಯ ಸರಣಿಯ ಆವೃತ್ತಿಗಳ ಕಾಲದಿಂದ ನಾನು ಅದನ್ನು ಬಳಸುತ್ತ ಬಂದಿದ್ದೇನೆ. ಬಳಕೆ ಬಹುಪಾಲು ಒಂದೇ ಕೆಲಸಕ್ಕೆ: ಕಂಪನಿ ನಾಟಕ, ರಂಗಗೀತೆ, ಸಣ್ಣಾಟ, ಗೀಗೀ ಪದ ಮತ್ತು ಭಜನೆಗಳ ಹಳೆಯ ಕ್ಯಾಸೆಟ್ಟುಗಳನ್ನು ಗದಗಿನ ನಮ್ಮ ಮನೆಯಲ್ಲಿ ಕಂಪ್ಯೂಟರಿಗೆ ಇಳಿಸುವುದು. ಹಾಡು ಕಟ್ಟುವವರಿಗೆ, ಪಾಡ್‌ಕಾಸ್ಟ್ ಮಾಡುವವರಿಗೆ ಇದು ಹೇಗೆ ಒದಗುತ್ತದೆ ಎಂಬುದನ್ನು ಬೇರೆಯವರು ಸಾಕಷ್ಟು ಬರೆದಿದ್ದಾರೆ. ನಾನು ಕ್ಯಾಸೆಟ್ಟಿನ ಮಾತನ್ನಷ್ಟೇ ಬರೆಯುತ್ತೇನೆ.

ಈ ಸೀಮೆಗೆ ನಾಟಕದ ಹುಚ್ಚು ಹೊಸದಲ್ಲ. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಗದಗಿನದು; ವೆಂಕೋಬರಾಯರ ಕಂಪನಿಗೆ ಹೆಸರು ಕೊಟ್ಟ ಶಿರಹಟ್ಟಿ ನಮ್ಮ ಪಕ್ಕದ ತಾಲೂಕು; ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು ಖ್ಯಾಲ್ ಗಾಯಕರಾಗುವ ಮೊದಲು, ಬಾಲ್ಯದಲ್ಲಿ, ನಾಟಕ ಕಂಪನಿಯಲ್ಲಿ ಪಾತ್ರ ಮಾಡಿದವರು; ನಮ್ಮೂರಿನ ವೀರೇಶ್ವರ ಪುಣ್ಯಾಶ್ರಮ ಸಹ ತನ್ನದೇ ನಾಟಕ ಕಂಪನಿಯನ್ನು ನಡೆಸಿಕೊಂಡು ಬಂದಿದೆ. ಟೇಪ್ ರೆಕಾರ್ಡರ್ ಸಾಮಾನ್ಯರ ಕೈಗೆ ಎಟುಕಿದ 1980ರ ದಶಕದಲ್ಲಿ ಈ ಹುಚ್ಚಿಗೆ ಇನ್ನೊಂದು ದಾರಿ ತೆರೆಯಿತು. ಜಾತ್ರೆಯಲ್ಲಿ ಕಂಪನಿ ಕ್ಯಾಂಪ್ ಹಾಕಿದಾಗ ಮುಂದಿನ ಸಾಲಿನಲ್ಲಿ ಕುಳಿತು, ತೊಡೆಯ ಮೇಲೆ ಟೇಪ್ ರೆಕಾರ್ಡರ್ ಇಟ್ಟುಕೊಂಡು, ನಡುನಡುವೆ ಕ್ಯಾಸೆಟ್ಟಿನ ಮಗ್ಗುಲು ಬದಲಿಸುತ್ತ ಇಡೀ ರಾತ್ರಿಯ ಆಟವನ್ನು ಮುದ್ರಿಸಿಕೊಂಡ ಅಭಿಮಾನಿಗಳು ಎಲ್ಲ ಊರುಗಳಲ್ಲಿಯೂ ಇದ್ದರು. ಅವರು ಸಂಶೋಧಕರಲ್ಲ, ಯಾವ ಅಕಾಡೆಮಿಯವರೂ ಅಲ್ಲ. ಒಬ್ಬ ನಟನ ಮಾತಿನ ವರಸೆ, ಒಬ್ಬ ನಟಿಯ ಹಾಡು ಮರುದಿನವೂ ಕಿವಿಗೆ ಬೇಕು ಎಂಬ ಆಸೆಯೊಂದೇ ಅವರಿಂದ ಈ ಕೆಲಸ ಮಾಡಿಸಿತು. ಇಂದು ಅಂಥ ಎಷ್ಟೋ ಪ್ರಯೋಗಗಳಿಗೆ ಉಳಿದಿರುವ ಸಾಕ್ಷಿ ಆ ಕ್ಯಾಸೆಟ್ಟುಗಳು ಮಾತ್ರ, ಮತ್ತು ಅವು ಅಟ್ಟದ ಮೇಲೆ ಬೂಷ್ಟು ಹಿಡಿಯುತ್ತಿವೆ.

ಅಭಿಮಾನಿಯ ಕೈಯಲ್ಲಿದ್ದ ಅಗ್ಗದ ಯಂತ್ರವೊಂದು ಮಾಡಿಟ್ಟ ಈ ಕೆಲಸವನ್ನು ಮುಂದುವರಿಸಲು ಬೇಕಾದ ಸಾಧನವೂ ಅಭಿಮಾನಿಯ ಕೈಗೆ ಎಟುಕುವಂತೆಯೇ ಇರಬೇಕು ಎಂಬುದು ನನ್ನ ದೃಢ ಅಭಿಪ್ರಾಯ, ಮತ್ತು ಆಡಾಸಿಟಿಯನ್ನು ನಾನು ಮೆಚ್ಚುವುದು ಮೊದಲಿಗೆ ಈ ಕಾರಣಕ್ಕೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡೊಮಿನಿಕ್ ಮಜೋನಿ ಮತ್ತು ರೋಜರ್ ಡ್ಯಾನೆನ್‌ಬರ್ಗ್ 1999ರಲ್ಲಿ ಇದನ್ನು ಬರೆಯಲು ಆರಂಭಿಸಿದರು. 2000ದ ಮೇ ತಿಂಗಳಲ್ಲಿ ಇದು ಸಾರ್ವಜನಿಕರಿಗೆ ಬಿಡುಗಡೆಯಾಯಿತು. ಜಿಪಿಎಲ್ ಎಂಬ ಮುಕ್ತ ತಂತ್ರಾಂಶದ ಪರವಾನಗಿಯಡಿ ಇದರ ಮೂಲ ಸಂಕೇತ ಎಲ್ಲರಿಗೂ ಮುಕ್ತವಾಗಿದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ನಡೆಯುತ್ತದೆ. ತಿಂಗಳ ಬಾಡಿಗೆ ಇಲ್ಲ, ಇಷ್ಟು ನಿಮಿಷದವರೆಗೆ ಮಾತ್ರ ಎಂಬ ಕಟ್ಟಳೆ ಇಲ್ಲ, ಇಂಟರ್ನೆಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ನಮ್ಮ ಲ್ಯಾಪ್‌ಟಾಪ್ ಹಳೆಯದು. ಅದರ ಮೇಲೂ ಇದು ತಕರಾರಿಲ್ಲದೆ ನಡೆದಿದೆ.

ಜೋಡಣೆಯ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಈಗಿನ ಲ್ಯಾಪ್‌ಟಾಪುಗಳಲ್ಲಿ ಇರುವುದು ಮೈಕಿನ ತೂತು ಮಾತ್ರ. ಕ್ಯಾಸೆಟ್ಟು ನುಡಿಸುವ ಡೆಕ್ಕಿನ ಲೈನ್ ಔಟ್ (ಧ್ವನಿ ಹೊರಬರುವ ತೂತು) ಅನ್ನು ನೇರವಾಗಿ ಅದಕ್ಕೆ ಸಿಕ್ಕಿಸಿದರೆ ಧ್ವನಿ ಒಡೆಯುತ್ತದೆ. ಲೈನ್ ಇನ್ ಇರುವ ಸಣ್ಣದೊಂದು ಯುಎಸ್‌ಬಿ ಸೌಂಡ್ ಕಾರ್ಡ್ ಬೇಕು. ನಾನು ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯಲ್ಲಿ ಕೊಂಡೆ. ಪ್ರತಿ ಕ್ಯಾಸೆಟ್ಟಿಗೆ ಮೊದಲು ಡೆಕ್ಕಿನಲ್ಲಿ ಟೇಪಿನಿಂದ ಧ್ವನಿ ಓದುವ ಹೆಡ್ ಅನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಹತ್ತಿಯಿಂದ ಒರೆಸಬೇಕು. ಹೆಡ್ಡಿನ ಓರೆಯನ್ನು ಸರಿಪಡಿಸುವ, ಅದರ ಪಕ್ಕದ ಅಜಿಮತ್ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋದರೆ, ಒಂದು ಜಾಗದಲ್ಲಿ ಮಬ್ಬಾಗಿದ್ದ ಮಾತು ತಟ್ಟನೆ ತಿಳಿಯಾಗುತ್ತದೆ. ಅಲ್ಲಿ ಕೈ ಬಿಡಬೇಕು. ಈ ಹಂತದಲ್ಲಿ ಕಳೆದುಕೊಂಡ ತಿಳಿತನವನ್ನು ಮುಂದೆ ಯಾವ ತಂತ್ರಾಂಶವೂ ತಂದುಕೊಡುವುದಿಲ್ಲ. ಮುದ್ರಣದ ಮಟ್ಟದ ಗೆರೆ ಅತಿ ಜೋರಿನ ಜಾಗದಲ್ಲಿಯೂ ಮೈನಸ್ 6 ಡೆಸಿಬೆಲ್ ಆಸುಪಾಸು ನಿಲ್ಲುವಂತೆ ಇಟ್ಟುಕೊಂಡರೆ, ಪ್ರೇಕ್ಷಕರ ಸಿಳ್ಳೆ ಬಂದಾಗಲೂ ಅಲೆಯ ತುದಿ ಕತ್ತರಿಸುವುದಿಲ್ಲ.

ಇನ್ನು ಗದ್ದಲ ತೆಗೆಯುವ ಕೆಲಸ. ನನ್ನ ಮಟ್ಟಿಗೆ ಈ ತಂತ್ರಾಂಶದ ತಿರುಳು ಇಲ್ಲಿದೆ. 'ನಾಯ್ಸ್ ರಿಡಕ್ಷನ್' ಎರಡು ಹಂತದಲ್ಲಿ ನಡೆಯುತ್ತದೆ. ಮೊದಲು ಹಾಡಾಗಲಿ ಮಾತಾಗಲಿ ಇಲ್ಲದ, ಬರೀ ಟೇಪಿನ 'ಸ್ಸ್' ಸದ್ದು ಇರುವ ಒಂದೆರಡು ಸೆಕೆಂಡುಗಳನ್ನು ಗುರುತಿಸಿ, ಗದ್ದಲವೆಂದರೆ ಇದು ಎಂದು ಅದಕ್ಕೆ ತೋರಿಸಿಕೊಡಬೇಕು. ಆಮೇಲೆ ಇಡೀ ಮುದ್ರಣವನ್ನು ಆಯ್ದು, ಎಷ್ಟು ತಗ್ಗಿಸಬೇಕೆಂದು ಹೇಳಬೇಕು. ಕೆಲವು ಆವೃತ್ತಿಗಳಲ್ಲಿ ತಾನಾಗಿ ಅಲ್ಲಿ ಬರುವ ಅಂಕಿ 12 ಡೆಸಿಬೆಲ್. ಕಂಪನಿ ನಾಟಕದ ಮುದ್ರಣಕ್ಕೆ ಅದು ಹೆಚ್ಚು; ನಾನು 6ಕ್ಕೆ ಇಳಿಸಿಕೊಳ್ಳುತ್ತೇನೆ. ಅದೇ ಕಿಟಕಿಯಲ್ಲಿ 'ರೆಸಿಡ್ಯೂ' ಎಂಬ ಆಯ್ಕೆಯಿದೆ, ಬಹಳ ಮಂದಿ ಅದನ್ನು ಒತ್ತಿಯೇ ನೋಡುವುದಿಲ್ಲ. ಅದನ್ನು ಒತ್ತಿ ಮುನ್ನೋಟ ಕೇಳಿದರೆ, ಉಳಿಯುವ ಧ್ವನಿಯ ಬದಲು ತೆಗೆದುಹಾಕಲಿರುವ ಧ್ವನಿ ಕೇಳಿಸುತ್ತದೆ. ಅದರಲ್ಲಿ ಬರೀ 'ಸ್ಸ್' ಇದ್ದರೆ ಸರಿ. ತುಂತುಣಿಯ ತಂತಿಯ ಝೇಂಕಾರವೋ, ನಟನ ಸಕಾರ ಶಕಾರಗಳ ಅಂಚೋ ಅದರಲ್ಲಿ ಕೇಳಿಸಿದರೆ, ಗದ್ದಲದ ಜೊತೆ ಕಲೆಯನ್ನೂ ಎತ್ತಿ ಹೊರಗೆ ಹಾಕುತ್ತಿದ್ದೇವೆ ಎಂದೇ ಅರ್ಥ. ಆಗ ಅಂಕಿಯನ್ನು ಇನ್ನಷ್ಟು ಇಳಿಸಬೇಕು.

ಕೃತಕ ಬುದ್ಧಿಮತ್ತೆಯಿಂದ ಒಂದೇ ಗುಂಡಿಯಲ್ಲಿ ಧ್ವನಿ ತೊಳೆದುಕೊಡುವ ಆನ್‌ಲೈನ್ ಸೇವೆಯೊಂದಕ್ಕೆ ಗೆಳೆಯರೊಬ್ಬರು ಇಂಥದೇ ಒಂದು ನಾಟಕದ ಮುದ್ರಣವನ್ನು ಕೊಟ್ಟಿದ್ದರು. ಮರಳಿ ಬಂದ ಕಡತದಲ್ಲಿ ಮಾತು ಸ್ಟುಡಿಯೋದಲ್ಲಿ ಆಡಿದಷ್ಟು ಸ್ವಚ್ಛವಾಗಿತ್ತು. ಆದರೆ ಹಾಡು ಮುಗಿದೊಡನೆ ಎದ್ದ 'ಒನ್ಸ್ ಮೋರ್' ಕೂಗು, ಆ ಕೂಗಿಗೆ ಮಣಿದು ಕಾಲುಪೆಟ್ಟಿಗೆಯವರು (ಕಾಲಿನ ಹಾರ್ಮೋನಿಯಂ ನುಡಿಸುವವರು) ಮತ್ತೆ ಹಿಡಿದ ಸ್ವರ, ಹಾಸ್ಯಪಾತ್ರದ ಮಾತಿಗೆ ಹಿಂದಿನ ಸಾಲಿನಿಂದ ಬಂದ ಮರುಮಾತು, ಎಲ್ಲವೂ ಮಾಯವಾಗಿದ್ದವು. ಕಂಪನಿ ನಾಟಕ ರಂಗದ ಮೇಲಿನವರು ಮತ್ತು ಮುಂದೆ ಕುಳಿತವರು ಕೂಡಿ ಆಡುವ ಆಟ. ಪ್ರೇಕ್ಷಕರನ್ನು ತೆಗೆದ ಮೇಲೆ ಉಳಿಯುವುದು ಅರ್ಧ ನಾಟಕ. ಯಾವುದು ಗದ್ದಲ, ಯಾವುದು ಜೀವ ಎಂಬುದನ್ನು ಆ ಯಂತ್ರ ಬೇರೆಲ್ಲಿಂದಲೋ ಕಲಿತು ಬಂದಿತ್ತು. ಆಡಾಸಿಟಿ ಆ ತೀರ್ಮಾನವನ್ನು ನನ್ನ ಕಿವಿಗೆ ಬಿಡುತ್ತದೆ. ಕೆಲಸ ನಿಧಾನ, ಒಂದು ಕ್ಯಾಸೆಟ್ಟಿಗೆ ಒಂದು ಸಂಜೆ ಬೇಕಾಗುತ್ತದೆ. ಆ ಸಂಜೆಯನ್ನು ನಾನು ಸಂತೋಷದಿಂದ ಕೊಡುತ್ತೇನೆ. 2023ರ ಕೊನೆಗೆ ಇಂಟೆಲ್ ಸಂಸ್ಥೆ ಆಡಾಸಿಟಿಗೂ ಇಂಥ ಕೃತಕ ಬುದ್ಧಿಮತ್ತೆಯ ಪ್ಲಗಿನ್ನುಗಳನ್ನು, ಎಂದರೆ ಬೇಕಾದರೆ ಸೇರಿಸಿಕೊಳ್ಳುವ ಸಣ್ಣ ತಂತ್ರಾಂಶಗಳನ್ನು, ಕೊಟ್ಟಿದೆ. ಅವು ನಮ್ಮ ಕಂಪ್ಯೂಟರಿನಲ್ಲಿಯೇ ನಡೆಯುತ್ತವೆ, ಬೇಡವಾದರೆ ಹಾಕಿಕೊಳ್ಳದೆ ಇರಬಹುದು.

ಕರೆಂಟಿನ ಗುಂಯ್ ಸದ್ದಿಗೆ, ಒಂದೇ ಕಂಪನಾಂಕದ ಸದ್ದನ್ನು ಕತ್ತರಿಸುವ 'ನಾಚ್ ಫಿಲ್ಟರ್' ಇದೆ. ಅದರಲ್ಲಿ ಅಮೆರಿಕದ ಕರೆಂಟಿಗೆ ತಕ್ಕಂತೆ 60 ಹರ್ಟ್ಸ್ ಎಂದಿರುತ್ತದೆ. ನಮ್ಮದು 50, ಬದಲಿಸಿಕೊಳ್ಳಬೇಕು. ಆದರೆ ಜಾತ್ರೆಯ ಕ್ಯಾಂಪಿನಲ್ಲಿ ಜನರೇಟರ್ ಓಡುತ್ತಿದ್ದರೆ ಆ 50 ಕೂಡ ಒಂದೆಡೆ ನಿಲ್ಲುವುದಿಲ್ಲ. ಹೀಗಾಗಿ ಟೇಪಿನ ವೇಗ ಸರಿಯಿದೆಯೇ ಎಂದು ತಿಳಿಯಲು ಆ ಗುಂಯ್ ಸದ್ದಿನ ಬದಲು ನಾನು ನಂಬುವುದು ಹಾರ್ಮೋನಿಯಂ ಪೆಟ್ಟಿಗೆಯ ರೀಡನ್ನು. ಕ್ಯಾಸೆಟ್ಟು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಬ್ಯಾಟರಿ ಇಳಿದ ರೆಕಾರ್ಡರಿನಲ್ಲಿ ನಿಧಾನವಾಗಿ ಮುದ್ರಿಸಿದ್ದು ಸರಿಯಾದ ಡೆಕ್ಕಿನಲ್ಲಿ ಹಾಕಿದಾಗ ಅವಸರವಾಗಿ, ಏರಿದ ಸುರುವಿನಲ್ಲಿ (ಶ್ರುತಿಯಲ್ಲಿ) ಕೇಳಿಸುತ್ತದೆ. 'ಪ್ಲಾಟ್ ಸ್ಪೆಕ್ಟ್ರಮ್' ತೆರೆದು ಪೆಟ್ಟಿಗೆಯ ಆಧಾರ ಸ್ವರದ ಕಂಪನಾಂಕ ನೋಡಿ, ಕರಿ ಒಂದು (ಪೆಟ್ಟಿಗೆಯ ಮೊದಲ ಕರಿ ಮನೆ) ಆದರೆ 277 ಹರ್ಟ್ಸಿನ ಸುತ್ತಮುತ್ತ ಇರಬೇಕಾದದ್ದು ಎಷ್ಟಿದೆ ಎಂದು ಹೋಲಿಸಿ, ವೇಗ ಬದಲಿಸುವ ಎಫೆಕ್ಟಿನಿಂದ ಸರಿಪಡಿಸುತ್ತೇನೆ. ಅರ್ಧ ಸ್ವರದ ವ್ಯತ್ಯಾಸ ಎಂದರೆ ಸುಮಾರು ಶೇಕಡಾ 6ರ ವೇಗ. ಪೆಟ್ಟಿಗೆಗಳೂ ಒಂದರಂತೆ ಒಂದು ಇರುವುದಿಲ್ಲವಾದ್ದರಿಂದ ಕೊನೆಯ ಮಾತು ಕಿವಿಯದೇ.

ಈ ಕಿವಿಯ ಕೆಲಸದಲ್ಲಿ ನನಗೆ ಜೊತೆಯಾದವರು ದೃಷ್ಟಿಯಿಲ್ಲದ ಒಬ್ಬ ತಬಲಾ ವಾದಕರು. ಪಂಚಾಕ್ಷರ ಗವಾಯಿಗಳು ಮತ್ತು ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ ಸಂಗೀತ ಕಲಿಸಿ ಬೆಳೆಸಿದ ಈ ಊರಿನಲ್ಲಿ ಅಂಥ ಕಲಾವಿದರು ಬಹಳ ಮಂದಿ. ಇವರು ಆಡಾಸಿಟಿಯನ್ನು ಎನ್‌ವಿಡಿಎ ಎಂಬ, ಪರದೆಯ ಮೇಲಿನದನ್ನು ಓದಿ ಹೇಳುವ ಉಚಿತ ಸ್ಕ್ರೀನ್ ರೀಡರಿನ ಜೊತೆ ನಡೆಸುತ್ತಾರೆ. ಅದನ್ನು 2006ರಲ್ಲಿ ಆರಂಭಿಸಿದ ಮೈಕೆಲ್ ಕರನ್ ಸ್ವತಃ ದೃಷ್ಟಿಯಿಲ್ಲದವರು. ಮೌಸ್ ಬೇಕಿಲ್ಲ: ಸ್ಪೇಸ್ ಒತ್ತಿದರೆ ಧ್ವನಿ ಓಡುತ್ತದೆ, ಓಡುತ್ತಿರುವಾಗಲೇ ಕಂಟ್ರೋಲ್ ಮತ್ತು ಎಮ್ ಒತ್ತಿದರೆ ಆ ಜಾಗಕ್ಕೆ ಗುರುತು ಬೀಳುತ್ತದೆ. ಪರದೆಯ ಮೇಲಿನ ಅಲೆಯನ್ನು ನೋಡುತ್ತ ಎಲ್ಲವೂ ಸರಿಯಿದೆ ಎಂದು ನಾನು ಕುಳಿತಿದ್ದಾಗ ಅವರು ಧ್ವನಿ ನಿಲ್ಲಿಸಿ, "ಇಲ್ಲಿ ಟೇಪ ಜಗ್ಗೇತ್ರಿ ಸರ, ಪೆಟ್ಟಿಗಿ ಸುರು ಇಳದೈತಿ ನೋಡ್ರಿ" ಎಂದರು. ಟೇಪು ಹಿಗ್ಗಿದ ಆ ತುಣುಕನ್ನಷ್ಟೇ ಆಯ್ದು, ಅವರು ಹೇಳಿದಷ್ಟು ಏರಿಸಿದೆವು. ಹಾಡು ತನ್ನ ಜಾಗಕ್ಕೆ ಬಂದು ಕುಳಿತಿತು. ಕಣ್ಣಿಲ್ಲದವರೂ ಕಣ್ಣಿದ್ದವರೂ ಒಂದೇ ಮೇಜಿನ ಮುಂದೆ ಸಮಾನವಾಗಿ ಕುಳಿತು ಮಾಡಬಹುದಾದ ಕೆಲಸವನ್ನು ಒಂದು ಸಾಧನ ಸಾಧ್ಯವಾಗಿಸಿದರೆ, ಅದರ ಸಾಮಾಜಿಕ ಉಪಯೋಗಕ್ಕೆ ನಾನು ಬೇರೆ ಪುರಾವೆ ಕೇಳುವುದಿಲ್ಲ.

ಕೊರತೆಗಳೂ ಇವೆ. ಮೊದಲ ಬಾರಿ ತೆರೆದವರಿಗೆ ಮೆನುಗಳ ದಟ್ಟಣೆ ದಿಗಿಲು ಹುಟ್ಟಿಸುತ್ತದೆ. 'ಸೇವ್' ಮಾಡಿದರೆ ಉಳಿಯುವುದು ಆಡಾಸಿಟಿಯ ಸ್ವಂತ ಕಡತ; ಅದು ಮೊಬೈಲಿನಲ್ಲಿ ನುಡಿಯುವುದಿಲ್ಲ. ಕೇಳುವ ಕಡತ ಬೇಕಾದರೆ 'ಎಕ್ಸ್‌ಪೋರ್ಟ್' ಮಾಡಬೇಕು. ಇದನ್ನು ಹೊಸಬರಿಗೆ ಮೊದಲ ದಿನವೇ ಹೇಳಿಕೊಡುವುದು ಒಳ್ಳೆಯದು. ಮೂಲತಃ ಅದು 32 ಬಿಟ್ ಫ್ಲೋಟ್ ಎಂಬ ಹೆಚ್ಚು ನಿಖರವಾದ ಮಾದರಿಯಲ್ಲಿ ಮುದ್ರಿಸುವುದರಿಂದ ಒಂದು ಗಂಟೆಯ ಸ್ಟೀರಿಯೋ ಸುಮಾರು 1.27 ಗಿಗಾಬೈಟ್ ಜಾಗ ನುಂಗುತ್ತದೆ. ಕೆಲಸ ಮುಗಿದ ಮೇಲೆ ಧ್ವನಿ ಕಳೆಯದೆ ಕುಗ್ಗಿಸುವ ಫ್ಲ್ಯಾಕ್ ಮಾದರಿಯ 16 ಬಿಟ್ ಕಡತ ಮಾಡಿಟ್ಟುಕೊಂಡರೆ ಗುಣಮಟ್ಟ ಕೆಡದೆ ಜಾಗ ಬಹಳ ಉಳಿಯುತ್ತದೆ. 2021ರಲ್ಲಿ ಮ್ಯೂಸ್ ಗ್ರೂಪ್ ಎಂಬ ಸಂಸ್ಥೆ ಇದರ ಒಡೆತನ ಪಡೆದ ಹೊಸತರಲ್ಲಿ, ಬಳಕೆಯ ಮಾಹಿತಿ ಸಂಗ್ರಹಿಸುವ ಪ್ರಸ್ತಾಪ ಮತ್ತು ಖಾಸಗಿತನದ ಒಕ್ಕಣೆಯ ಬಗ್ಗೆ ದೊಡ್ಡ ಆಕ್ಷೇಪವೆದ್ದಿತು. ಗೂಗಲ್ ಮತ್ತು ರಷ್ಯಾದ ಯಾಂಡೆಕ್ಸ್ ಮೂಲಕ ಮಾಹಿತಿ ಕಳಿಸುವ ಯೋಜನೆಯನ್ನು ಅವರು ಕೈಬಿಟ್ಟರು, ಒಕ್ಕಣೆಯನ್ನೂ ತಿದ್ದಿದರು. ಬಳಕೆದಾರರು ಕೇಳಿದ್ದಕ್ಕೆ ಹೀಗಾಯಿತು, ಮತ್ತು ಸಂಕೇತ ಮುಕ್ತವಾಗಿದ್ದುದರಿಂದ ಕೇಳುವ ಬಲ ಅವರಿಗಿತ್ತು.

ಇಳಿಸಿದ ಧ್ವನಿಗಳನ್ನು ನಾನು ಇಂಟರ್ನೆಟ್ಟಿಗೆ ಏರಿಸುವುದಿಲ್ಲ. ಭಾರತದ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಪ್ರಕಟಿತ ಧ್ವನಿಮುದ್ರಣಕ್ಕೆ 60 ವರ್ಷಗಳ ಹಕ್ಕಿದೆ; ಅದಕ್ಕೂ ಮಿಗಿಲಾಗಿ, ಹಾಡಿದವರ ಮಕ್ಕಳು ಮೊಮ್ಮಕ್ಕಳು ಇದೇ ಊರುಗಳಲ್ಲಿದ್ದಾರೆ. ಪೆನ್‌ಡ್ರೈವಿನಲ್ಲಿ ಹಾಕಿ ಮೊದಲು ಅವರಿಗೆ ಮುಟ್ಟಿಸುತ್ತೇನೆ. ಅಜ್ಜಿಯ ದನಿಯನ್ನು ಮೊದಲ ಬಾರಿಗೆ ಕೇಳಿದ ಒಬ್ಬ ಹುಡುಗಿ, ಸುರು ಬದಲಾಗದಂತೆ ಗತಿಯನ್ನಷ್ಟೇ ನಿಧಾನ ಮಾಡುವ 'ಚೇಂಜ್ ಟೆಂಪೋ' ಬಳಸಿ, ಒಂದೊಂದೇ ಸಾಲಿನ ಮುರಕಿಗಳನ್ನು ಬಿಡಿಸಿಕೊಂಡು ಆ ರಂಗಗೀತೆಯನ್ನು ಕಲಿತು ಕಾಲೇಜಿನ ಸ್ನೇಹ ಸಮ್ಮೇಳನದಲ್ಲಿ ಹಾಡಿದಳು, ಮತ್ತು ಕೊನೆಯ ನುಡಿಗೆ ತನ್ನದೇ ಆಲಾಪ ಸೇರಿಸಿದಳು. ಗದಗ ಸೀಮೆಯ ಬಾಲಕ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ಠುಮ್ರಿಯ ಗ್ರಾಮೊಫೋನ್ ತಟ್ಟೆಯನ್ನು ಕೇಳಿ, 1933ರಲ್ಲಿ ಗುರುವನ್ನು ಅರಸಿ ಮನೆ ಬಿಟ್ಟ ಕತೆ ಇಲ್ಲಿನವರೆಲ್ಲರಿಗೂ ಗೊತ್ತು. ಮುದ್ರಿತ ಧ್ವನಿ ಹೊಸ ಕಲಾವಿದರನ್ನು ಹುಟ್ಟಿಸಬಲ್ಲದು ಎಂಬ ನಂಬಿಕೆ ನಮಗೆ ಅಲ್ಲಿಂದಲೇ ಬಂದಿದೆ.

ಮನೆಯಲ್ಲಿ ಇಂಥ ಕ್ಯಾಸೆಟ್ಟುಗಳಿರುವವರು ಕೈಯಿಂದ ಹೆಸರು ಬರೆದಿಟ್ಟವುಗಳಿಂದ ಆರಂಭಿಸಿರಿ. ಅಂಗಡಿಯಲ್ಲಿ ಮಾರಾಟವಾದದ್ದರ ಇನ್ನೊಂದು ಪ್ರತಿ ಬೇರೆ ಮನೆಯಲ್ಲಿರಬಹುದು, ಜಾತ್ರೆಯಲ್ಲಿ ಮುದ್ರಿಸಿದ್ದರ ಪ್ರತಿ ಇನ್ನೊಂದಿರುವುದಿಲ್ಲ. ತಂತ್ರಾಂಶವನ್ನು ಆಡಾಸಿಟಿಯ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿರಿ. ಏನನ್ನೂ ಸರಿಪಡಿಸುವ ಮೊದಲು ಮೂಲ ಮುದ್ರಣದ ಒಂದು ಪ್ರತಿಯನ್ನು ಹಾಗೆಯೇ ಬೇರೆ ಡಿಸ್ಕಿನಲ್ಲಿ ಇಡಿರಿ, ಮತ್ತು ಕ್ಯಾಸೆಟ್ಟಿನ ಮೇಲೆ ಬರೆದಿರುವ ಊರು, ಕಂಪನಿ, ಪಾತ್ರಧಾರಿಗಳ ಹೆಸರನ್ನು ಕಡತದ ಹೆಸರಿನಲ್ಲಿಯೇ ಕನ್ನಡದಲ್ಲಿ ಸೇರಿಸಿರಿ.